ಬೆಲ್ಲದ ತೂಕ

ರವಿಕೆಯ ಒಳಗೆ ಹಾಕಿಕೊಂಡಿದ್ದ ಪಿನ್ನು ಹಲಸೂರು ಕೆರೆಯ ತಿರುವಿನಲ್ಲಿ ಮೊದಲ ಸಲ ಚುಚ್ಚಿತು. ಚುಚ್ಚಿದ್ದು ಬಲಗಡೆ. ಎಡಗಡೆ ಚುಚ್ಚಿದ್ದರೆ ಆಂಜನಮ್ಮನಿಗೆ ತಿಳಿಯುತ್ತಲೇ ಇರಲಿಲ್ಲ. ಅಲ್ಲಿ ಐದು ವರ್ಷದಿಂದ ಇರುವುದು ಅತ್ತೆ ಹೊಲಿದುಕೊಟ್ಟ ರಾಗಿಯ ಚೀಲ. ಎಡಮೊಲೆ ತೆಗೆದ ಆಪರೇಷನ್ನಾದ ಮೇಲೆ ಆಸ್ಪತ್ರೆಯವರು ಮೆತ್ತನೆಯ ರಬ್ಬರಿನಂಥದ್ದೊಂದನ್ನು ಕೊಟ್ಟಿದ್ದರು, ಅದು ಬೇಸಿಗೆಯಲ್ಲಿ ಬೆವತು ಜಾರುತ್ತಿತ್ತು. ಅತ್ತೆ ಬೈರಮ್ಮ ಹಳೇ ಪಂಚೆ ಹರಿದು, ಅಳತೆ ಗಿಳತೆ ನೋಡದೆ, ಮುದ್ದೆ ಕಟ್ಟುವ ಅಂದಾಜಿನಲ್ಲೇ ಒಂದು ಗುಂಡು ಚೀಲ ಹೊಲಿದು ರಾಗಿ ತುಂಬಿ ಬಾಯಿ ಕಟ್ಟಿದ್ದಳು. "ಬೆವರಿಗೆ ಮೊಳಕೆ ಬರುತ್ತೆ ಅಜ್ಜಿ" ಎಂದು ಆಂಜನಮ್ಮನ ಸೊಸೆ ಶ್ವೇತ ನಕ್ಕಾಗ, "ಬಂದ್ರೆ ಬರ್ಲಿ ಬಿಡೇ, ಬೆಳೆ ಬೆಳೆಯೋ ಜಾಗ ಇನ್ನೆಲ್ಲಿ ಉಳಿದದೆ ನಮ್ಗೆ?" ಎಂದಿದ್ದಳು ಬೈರಮ್ಮ. ಇಡೀ ಮನೆ ನಕ್ಕಿತ್ತು. ಆಂಜನಮ್ಮನೂ ನಕ್ಕಿದ್ದಳು, ನಗುವಾಗ ಹೊಲಿಗೆ ಎಳೆದದ್ದು ನೆನಪಿದೆ.

ಆಟೋ ಮಂಜೂರನದು. ಜೋಗುಪಾಳ್ಯದವನು, ಆಸ್ಪತ್ರೆಯ ದಿನಗಳಲ್ಲೆಲ್ಲ ಅವನೇ. ಹತ್ತಿದ ಕೂಡಲೇ "ಅಮ್ಮಾ, ಜರಾ ಮಧ್ಯದಲ್ಲಿ ಕೂತ್ಕೊಳ್ಳಿ, ಗಾಡಿ ವಾಲ್ತದೆ" ಎನ್ನುವುದು ಅವನ ವಾಡಿಕೆ. ಪ್ರತಿ ಸಲವೂ ಅವಳ ದಪ್ಪ ಮೈಯನ್ನು ಎತ್ತಿ ಆಡುವ ಆ ಮಾತು ಅವಳ ಮುಖಕ್ಕೆ ನೀರೆರಚಿದ ಹಾಗಾಗುತ್ತಿತ್ತು. ಇವತ್ತು ಅವನು ಹೇಳಲಿಲ್ಲ. ಅವಳು ಬೇಕೆಂದೇ ಒಂದು ಮೂಲೆಗೆ ಒರಗಿ ಕೂತಿದ್ದಳು, ಗಾಡಿ ನೆಟ್ಟಗೆ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟಳು: "ಏನು ಮಂಜೂರ್, ಇವತ್ತು ಮಧ್ಯ ಕೂತ್ಕೋ ಅನ್ಲಿಲ್ಲ?" "ಹೊಸಾ ಶಾಕಬ್ಸಾರ್ಬರ್ ಹಾಕ್ಸಿದೀನಿ ಅಮ್ಮಾ," ಎಂದ ಮಂಜೂರ್, ಹೆಮ್ಮೆಯಿಂದ. ಆಂಜನಮ್ಮನಿಗೆ ಎಷ್ಟು ಸಮಾಧಾನವಾಯಿತೆಂದರೆ ಆ ಶಾಕಬ್ಸಾರ್ಬರಿಗೊಂದು ಹೂವು ಏರಿಸಬೇಕೆನ್ನಿಸಿತು. ಮುಂದಿನ ತಿರುವಿನಲ್ಲಿ ಪಿನ್ನು ಮತ್ತೆ ಚುಚ್ಚಿತು, ಆ ಸಮಾಧಾನ ತಾನಾಗಿ ಇಳಿದುಹೋಯಿತು.

ಆಸ್ಪತ್ರೆ ದಂಡಿನ ಕಡೆಯ ಹಳೇ ಕಲ್ಲುಕಟ್ಟಡ. ಒಳಗೆ ಹೋದವಳು ಮೊದಲು ಹೆಂಗಸರ ಟಾಯ್ಲೆಟ್ಟಿಗೆ ನುಗ್ಗಿ, ಚಿಲಕ ಹಾಕಿ, ರವಿಕೆಯ ಪಿನ್ನುಗಳನ್ನು ಬಿಚ್ಚಿ ಪರ್ಸಿಗೆ ಹಾಕಿಕೊಂಡಳು. ಪಿನ್ನು ಇರುವುದು ಮನೆಯವರ ಕಣ್ಣಿಗಾಗಿ. ರವಿಕೆ ಸಡಿಲವಾಗಿರುವುದು ಮನೆಯಲ್ಲಿ ಕಾಣಬಾರದು, ಇಲ್ಲಿ ಕಾಣಬೇಕು. ಪಾಳ್ಯದಲ್ಲಿ ಕಾಯಿಲೆಯೆಂದರೆ ಸಣ್ಣಗಾಗುವುದು. ಸಣ್ಣಗಾಗಿ ಹೋದವರ ಹೆಸರುಗಳನ್ನು ಬೈರಮ್ಮ ಬೆರಳು ಮಡಿಸುತ್ತ ಹೇಳಬಲ್ಲಳು. ಹಾಗಾಗಿ ಆಪರೇಷನ್ನಿನ ದಿನ ಇದೇ ಕಟ್ಟಡದ ಮೆಟ್ಟಿಲ ಮೇಲೆ ಕೂತು, ಐದು ವರ್ಷ ದಾಟಿಸು ತಾಯಿ, ನನ್ನ ಸೊಸೆಯನ್ನ ಬೆಲ್ಲದಲ್ಲಿ ತೂಗಿಸ್ತೀನಿ ಎಂದು ಪಾಳ್ಯದ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ಅವತ್ತಿನಿಂದ ಶುರುವಾಯಿತು ತಿನ್ನಿಸುವುದು. ಕಾಲುಸೂಪು, ಒಬ್ಬಟ್ಟು, ತುಪ್ಪ ಸುರಿದ ಮುದ್ದೆ, ಮಾತ್ರೆ ನುಂಗಿದ ಬಾಯಿ ಕಹಿಯೆಂದು ಒಂದು ತುಂಡು ಮೈಸೂರ್‌ಪಾಕು. ಆ ಮಾತ್ರೆಗೋ ಈ ಊಟಕ್ಕೋ ಆಂಜನಮ್ಮ ಊದಿದಳು, ಬಳೆ ಏರದಷ್ಟು, ಮೆಟ್ಟಿಲು ಹತ್ತಿದರೆ ಏದುಸಿರು ಬರುವಷ್ಟು. ಬೈರಮ್ಮ ಬಂದವರಿಗೆಲ್ಲ ಅವಳ ತೋಳು ಹಿಡಿದು ತೋರಿಸುತ್ತಿದ್ದಳು: "ನೋಡ್ರಮ್ಮ, ಸೀಕಿನ ಮೈಯಾ ಇದು?" ಆಗೆಲ್ಲ ಆಂಜನಮ್ಮನಿಗೆ ದೇವರಿಗೆ ಬಿಟ್ಟ ಹೋತದ ನೆನಪಾಗುತ್ತಿತ್ತು, ಅದಕ್ಕೂ ಹೀಗೇ ದಾರಿಯಲ್ಲಿ ಹೋಗುವವರೆಲ್ಲ ಬೆನ್ನು ಸವರಿ ಸೊಪ್ಪು ಕೊಡುತ್ತಾರೆ. ನೆನಪಾದದ್ದಕ್ಕೆ ತನ್ನ ಮೇಲೆಯೇ ನಾಚಿಕೆಯಾಗುತ್ತಿತ್ತು. ಈಗ ಐದು ವರ್ಷ ತುಂಬಿದೆ. ನಾಡಿದ್ದು ಶುಕ್ರವಾರ ಗುಡಿಯಲ್ಲಿ ತುಲಾಭಾರ.

"ಬರ್ರಿ ಬರ್ರಿ ಅಮ್ಮಾ, ನಿಮ್ದ ದಾರಿ ನೋಡ್ತಿದ್ದೆ," ಎಂದು ಪ್ರಿಯದರ್ಶಿನಿ ಬಾಗಿಲಿಗೇ ಬಂದಳು. ಈ ಹುಡುಗಿಯೇ ಇಲ್ಲಿನ ಅಧ್ಯಯನ ನೋಡಿಕೊಳ್ಳುವವಳು. ಎದೆಯ ಕ್ಯಾನ್ಸರಿನಿಂದ ಪಾರಾಗಿ ಆಮೇಲೆ ದಪ್ಪಗಾದ ಹೆಂಗಸರನ್ನು ಸೇರಿಸಿ, ನಡೆಸಿ, ಊಟ ತಿದ್ದಿ, ತೂಕ ಇಳಿದಂತೆ ರಕ್ತದಲ್ಲಿನ ಒಂದು ಪ್ರೋಟೀನೂ ಇಳಿಯುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಬಿಳಿ ಕೋಟು, ಕತ್ತಿನಲ್ಲಿ ಕಾರ್ಡು. ಮಾತು ಬೆಂಗಳೂರಿನದೇ, ಖುಷಿಯಾದಾಗ, ಗಾಬರಿಯಾದಾಗ ಮಾತ್ರ ಅವ್ವನ ರಾಯಚೂರು ಹೊರಗೆ ಬರುತ್ತದೆ. ಅವಳ ಅವ್ವ ಅಯ್ಯಮ್ಮ, ಅಪ್ಪ ಹಂಪಣ್ಣ. ಕಾಂಕ್ರೀಟ್ ಕೆಲಸಕ್ಕೆ ಬಂದವರು, ಆಂಜನಮ್ಮನ ಕಾಂಪೌಂಡಿನ ಶೀಟಿನ ಮನೆಯೊಂದರಲ್ಲಿ ಬಾಡಿಗೆಗಿದ್ದವರು. ಮೊದಲ ದಿನ ಈ ಕೋಣೆಯಲ್ಲಿ ಅವಳನ್ನು ಕಂಡು ಆಂಜನಮ್ಮ ಗುರುತು ಹಿಡಿಯದೆ "ನಿಂಗೆಷ್ಟಮ್ಮ ವಯಸ್ಸು, ನೀನೇನಾ ಡಾಕ್ಟ್ರು?" ಎಂದಿದ್ದಳು. "ನಾನು ಡಾಕ್ಟ್ರಲ್ರಿ. ನಿಮ್ಮ ಶೀಟಿನ ಮನಿ ಪ್ರಿಯಾ," ಎಂದು ಹುಡುಗಿ ನಕ್ಕು, ತೂಕದ ಯಂತ್ರ ತೋರಿಸಿ, "ಚಪ್ಪಲಿ ಬಿಟ್ಟು ಹತ್ರಿ" ಎಂದಿತ್ತು. ಹತ್ತಿದ್ದಳು. ಮನೆಯೊಡತಿ ಬಾಡಿಗೆಯವರ ಮಗಳ ಮುಂದೆ ಬರಿಗಾಲಲ್ಲಿ ನಿಂತು ಉಸಿರು ಬಿಗಿಹಿಡಿದಿದ್ದಳು, ಉಸಿರು ಹಿಡಿದರೆ ತೂಕ ಕಮ್ಮಿಯಾಗುವುದೆಂಬಂತೆ.

ಇವತ್ತು ಯಂತ್ರ ಹತ್ತಿದಾಗ ಉಸಿರು ಹಿಡಿಯಲಿಲ್ಲ. ಕಣ್ಣು ಮಾತ್ರ ಮುಚ್ಚಿದಳು. ಪ್ರಿಯದರ್ಶಿನಿಯ ಬಾಯಿಂದ ಒಂದು ಸಣ್ಣ ಸಿಳ್ಳೆ ಬಂತು. "ಅಮ್ಮಾ! ಹೋದ ಸಲಕ್ಕಿಂತ ಏಳು ಕೆಜಿ ಕಮ್ಮಿ! ಏನ್ ಮಾಡಾಕತ್ತೀರಿ ನೀವು?" ಏನೂ ಮಾಡುತ್ತಿರಲಿಲ್ಲ. ಅದೇ ವಿಷಯ. ಗಂಡ ಶ್ರೀನಿವಾಸ್ ಕಮರ್ಷಿಯಲ್ ಸ್ಟ್ರೀಟಿನಿಂದ ಬೂಟು ತಂದುಕೊಟ್ಟಿದ್ದ. ಅವನ್ನು ಹಾಕಿಕೊಂಡು ಬೆಳಿಗ್ಗೆ ಕೆರೆಯ ಗೇಟಿನವರೆಗೆ ಹೋಗಿ, ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು, ಗಾಡಿಯವನ ಹತ್ತಿರ ಬಿಸಿ ಬೋಂಡ ತಿಂದು, ನಡೆಯುವವರು ಕೆರೆ ಸುತ್ತುವುದನ್ನು ಮನಸ್ಸಿಟ್ಟು ನೋಡಿ ಬರುತ್ತಿದ್ದಳು. ಬೂಟಿನ ಅಡಿ ಇನ್ನೂ ಹೊಸದು. ಮನೆಗೆ ಬಂದರೆ ಬೈರಮ್ಮನ ತಿಂಡಿ. ಎಲ್ಲವನ್ನೂ ತಿನ್ನುತ್ತಿದ್ದಳು, ಇತ್ತೀಚೆಗಂತೂ ಭಯ ಬಿದ್ದು ಎರಡು ಪಟ್ಟು ತಿನ್ನುತ್ತಿದ್ದಳು. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ. ಮೈಯೊಳಗೆ ಯಾರೋ ಬಾಡಿಗೆಗೆ ಬಂದು, ಸದ್ದಿಲ್ಲದೆ ಬಾಗಿಲು ಹಾಕಿಕೊಂಡು, ಇವಳ ಪಾಲನ್ನು ಉಣ್ಣುತ್ತಿದ್ದ ಹಾಗೆ. ಮೊದಮೊದಲು ಉಂಗುರ ಸಡಿಲವಾದಾಗ ಅವಳಿಗೆ ಖುಷಿಯೇ ಆಗಿತ್ತು. ಪುಕ್ಕಟೆ ಸಿಕ್ಕಿದ್ದನ್ನು ಯಾರೂ ವಿಚಾರಿಸಲು ಹೋಗುವುದಿಲ್ಲ.

"ದಿನಾ ನಡೀತೀನಮ್ಮ," ಎಂದಳು ಆಂಜನಮ್ಮ. ಸುಳ್ಳಿಗೆ ಒಂದು ಸಲ ಚಪ್ಪಾಳೆ ಬಿದ್ದರೆ ಎರಡನೆಯ ಸಲ ಅದು ತಾನಾಗಿ ನಾಲಿಗೆಗೆ ಬಂದು ನಿಲ್ಲುತ್ತದೆ. ಪ್ರಿಯದರ್ಶಿನಿ ಪಕ್ಕದ ಕೋಣೆಯಿಂದ ಹೊಸದಾಗಿ ಸೇರಿದ ಹೆಂಗಸರನ್ನು ಕರೆತಂದಳು. "ಇವ್ರೇ ನಾನು ಹೇಳ್ತಿದ್ದ ಆಂಜನಮ್ಮ. ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ." ಅವರು ನಿಜಕ್ಕೂ ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬಳು, ತಲೆಗೂದಲು ಈಗಷ್ಟೇ ಹುಲ್ಲಿನಂತೆ ಚಿಗುರುತ್ತಿದ್ದವಳು, ಹತ್ತಿರ ಬಂದು ಗುಟ್ಟಿನಲ್ಲಿ "ಅಕ್ಕಾ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಏನ್ ತಗೊಳ್ತೀರಾ?" ಎಂದು ಕೇಳಿದಳು. "ಹುರುಳಿಕಟ್ಟು," ಎಂದಳು ಆಂಜನಮ್ಮ, ಬಾಯಿಗೆ ಬಂದದ್ದು. "ಉಪ್ಪು ಹಾಕ್ದೆ." ಉಪ್ಪಿನ ಮಾತನ್ನು ಯಾಕೆ ಸೇರಿಸಿದಳೋ ಅವಳಿಗೇ ತಿಳಿಯಲಿಲ್ಲ. ನಾಳೆಯಿಂದ ಆ ಹೆಂಗಸು ಎಲ್ಲೋ ಒಂದು ಅಡುಗೆಮನೆಯಲ್ಲಿ ನಿಂತು ಮೂಗು ಮುಚ್ಚಿ ಉಪ್ಪಿಲ್ಲದ ಹುರುಳಿಕಟ್ಟು ಕುಡಿಯುತ್ತಾಳೆ.

ರಕ್ತ ತೆಗೆಯುವಾಗ ಪ್ರಿಯದರ್ಶಿನಿ ಮಾತಾಡುತ್ತಲೇ ಇದ್ದಳು. ಕೊಬ್ಬು ಅಂದ್ರೆ ಸುಮ್ನೆ ಮೂಟೆ ಹಾಗೆ ಬಿದ್ದಿರೋದಲ್ಲ ಅಮ್ಮ, ಒಳಗೊಳಗೇ ಹೊಗೆಯಾಡ್ತಿರುತ್ತೆ. ಆ ಹೊಗೆ ರಕ್ತದಲ್ಲಿ ಕಾಣುತ್ತೆ, ಸಿಆರ್‌ಪಿ ಅಂತೀವಲ್ಲ, ಅದು. ನಿಮ್ದು ತೂಕ ಇಳಿದಿದೆ, ಇದೂ ಇಳಿದಿರುತ್ತೆ, ಸಂಜೆ ಒಳಗೆ ರಿಪೋರ್ಟ್ ಬರುತ್ತೆ. ಡಾಕ್ಟ್ರು ನಿಮ್ಮ ಗ್ರಾಫನ್ನ ಎಲ್ಲರಿಗೂ ತೋರಿಸ್ತಾರಂತೆ. "ಹೊಸಾ ತೊಂದ್ರೆ ಏನಾದ್ರೂ? ಸುಸ್ತು? ಬೆನ್ನು ನೋವು?" ಬೆನ್ನಿನಲ್ಲಿ ಒಂದು ನೋವಿತ್ತು. ಸೊಂಟದ ಮೇಲೆ ಒಂದೇ ಜಾಗದಲ್ಲಿ, ಮಲಗಿದರೂ ಹೋಗದೆ, ಗೋಡೆಗೆ ಹೊಡೆದ ಮೊಳೆಯ ಹಾಗೆ. ಆಂಜನಮ್ಮ ಬಾಯಿ ತೆರೆದಳು. ಸೂಜಿ ಹಿಡಿದು ಬಗ್ಗಿದ ಹುಡುಗಿಯ ಬೈತಲೆ ಕಣ್ಣಿನ ನೇರಕ್ಕಿತ್ತು. ಹಿಂದೊಮ್ಮೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದ ಅದೇ ತಲೆ. ಆಯುಧಪೂಜೆಯ ದಿನ. ಮನೆಯ ದ್ರಾಕ್ಷಿ ತೋಟ ಹೋಗಿ ಎಷ್ಟೋ ವರ್ಷವಾಗಿದ್ದರೂ ದ್ರಾಕ್ಷಿ ತೂಗುತ್ತಿದ್ದ ದೊಡ್ಡ ತಕ್ಕಡಿಯನ್ನು ಮಾವ ದೊಡ್ಡಮುನಿಯಪ್ಪ ಮಾರಿರಲಿಲ್ಲ. ವರ್ಷಕ್ಕೊಮ್ಮೆ ಇಳಿಸಿ, ತೊಳೆದು, ಕುಂಕುಮ ಹಚ್ಚಿ ತೂಗುಹಾಕುತ್ತಿದ್ದರು. ಪೂಜೆ ಮುಗಿದ ಮೇಲೆ ಮಕ್ಕಳನ್ನು ತೂಗುವ ಆಟ. ಅಯ್ಯಮ್ಮನ ಮಗಳನ್ನು ಎತ್ತಿ ತಟ್ಟೆಯಲ್ಲಿ ಕೂರಿಸಿದ್ದು ಆಂಜನಮ್ಮನೇ. ಎದುರು ತಟ್ಟೆಗೆ ಒಂದೊಂದೇ ಇಟ್ಟಿಗೆ. ನಾಲ್ಕಕ್ಕೋ ಐದಕ್ಕೋ ಹುಡುಗಿ ಗಾಳಿಗೇರಿಬಿಟ್ಟಿತು. "ಅಯ್ಯೋ, ಒಂದು ಕುಕ್ಕೆ ದ್ರಾಕ್ಷಿಗೂ ಸಾಟಿ ಬರಲ್ವಲ್ಲೇ ಇದು! ಏನ್ ಹಾಕ್ತೀಯೇ ಅಯ್ಯಮ್ಮ ಮಗೂಗೆ?" ಎಂದು ಆಂಜನಮ್ಮ ಕೂಗಿ, ಎಲ್ಲರೂ ಗೊಳ್ಳೆಂದು ನಕ್ಕು, ಮನೆಯೊಡತಿ ನಕ್ಕಳೆಂದು ಅಯ್ಯಮ್ಮನೂ ನಕ್ಕಿದ್ದಳು. ಹುಡುಗಿ ಅಳಲಿಲ್ಲ. ಎರಡು ಕೈಯಲ್ಲೂ ಸರಪಳಿ ಹಿಡಿದು ಮೇಲಿನಿಂದ ಇವಳನ್ನೇ ನೋಡುತ್ತಿತ್ತು. ಈ ಹುಡುಗಿಗೆ ಅದು ನೆನಪಿದೆಯೋ ಇಲ್ಲವೋ. ಇದ್ದರೆ, ಇದರ ಮುಂದೆ, ನಾನು ಒಂದು ದಿನವೂ ನಡೆಯಲಿಲ್ಲ, ಬೆಂಚಿನ ಮೇಲೆ ಕೂತು ಬೋಂಡ ತಿಂದೆ, ನಿನಗೆ ಸುಳ್ಳು ಹೇಳಿದೆ ಎಂದು ಹೇಳುವುದು ಹೇಗೆ? "ಏನೂ ಇಲ್ಲಮ್ಮ," ಎಂದಳು. "ಆರಾಮಾಗಿದೀನಿ." ಸೀಸೆಯೊಳಗೆ ರಕ್ತ ಕಪ್ಪಗೆ ಏರಿತು.

ಮತ್ತೆ ಟಾಯ್ಲೆಟ್ಟು, ಮತ್ತೆ ಪಿನ್ನು. ಮನೆ ಮುಟ್ಟಿದಾಗ ಕಾಂಪೌಂಡಿನಲ್ಲಿ ಸಡಗರ. ತೋಟವಿದ್ದ ಜಾಗದಲ್ಲಿ ಈಗ ಪಿಜಿ ಕಟ್ಟಡ. ಅದರ ಕೆಳಗಿನ ಪಾರ್ಕಿಂಗಿನಲ್ಲಿ ಹುಡುಗರ ಬೈಕುಗಳನ್ನೆಲ್ಲ ಒಂದು ಕಡೆ ಒತ್ತರಿಸಿ, ಮೇಲಿನ ಕಬ್ಬಿಣದ ತೊಲೆಗೆ ಶ್ರೀನಿವಾಸ್ ತಕ್ಕಡಿ ತೂಗುಹಾಕಿಸಿದ್ದ. "ಬಾ ಬಾ, ಶುಕ್ರವಾರ ಗುಡಿಯಲ್ಲಿ ಜನದ ಮುಂದೆ ಸರಪಳಿ ಕಿತ್ಕೊಂಡು ಬಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಇವತ್ತೊಂದು ಟ್ರಯಲ್ ನೋಡ್ಬಿಡಾಣ," ಎಂದ. ಅವನ ದನಿಯಲ್ಲಿ ಹೆಂಡತಿ ಬದುಕಿದ್ದಕ್ಕಿಂತ ತೊಲೆ ಗಟ್ಟಿಯಿರುವುದರ ಸಂಭ್ರಮವೇ ಹೆಚ್ಚಿತ್ತು. ಕೆಲವು ಗಂಡಸರಿಗೆ ಒಂದನ್ನು ಹೇಳಲು ಇನ್ನೊಂದೇ ಬೇಕಾಗುತ್ತದೆ. ಚಾಪೆಯ ಮೇಲೆ ಬೆಲ್ಲ. ಹೋದ ಸಲದ ಆಸ್ಪತ್ರೆ ತೂಕವನ್ನು ಶ್ವೇತ ನೆನಪಿಟ್ಟುಕೊಂಡು ಅಷ್ಟಕ್ಕೇ ತರಿಸಿದ್ದಳು. ದೊಡ್ಡ ದೊಡ್ಡ ಉಂಡೆಗಳು, ಜೇನುಬಣ್ಣ, ಆಗಲೇ ಒಂದೆರಡು ನೊಣ. ಅಷ್ಟೂ ಬೆಲ್ಲ ತಾನೆಂದು ನೋಡುತ್ತ ನಿಂತ ಆಂಜನಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಷ್ಟು ತಾನಿಲ್ಲ. ತನ್ನ ಏಳು ಕೆಜಿ ಎಲ್ಲೋ ಹೋಗಿದೆ. ತಕ್ಕಡಿ ಹತ್ತಿದ ಕೂಡಲೇ ಮೇಲಕ್ಕೇರುತ್ತಾಳೆ, ಎಲ್ಲರ ಎದುರು, ಅತ್ತೆಯ ಎದುರು.

"ಸೀರೆ ಬದಲಾಯಿಸ್ಕೊಂಡು ಬರ್ತೀನಿ," ಎಂದು ಉಗ್ರಾಣಕ್ಕೆ ಹೋದಳು. ಮೂಲೆಯಲ್ಲಿ ತಕ್ಕಡಿಯ ಹಳೇ ತೂಕದ ಬಟ್ಟುಗಳು ಧೂಳು ಹಿಡಿದು ಕೂತಿದ್ದವು. ಐದು ಕೆಜಿಯದನ್ನೂ ಎರಡು ಕೆಜಿಯದನ್ನೂ ನೋಡಿದಾಗ ಅವಳಿಗೆ ನಗು ಬಂತು, ಹೇಳಿಮಾಡಿಸಿದ ಲೆಕ್ಕ. ಎರಡು ಕೆಜಿಯದು ಎದೆಗೆ ಹಿಡಿಸಲಿಲ್ಲ, ಅದರ ಬದಲು ಒಂದೊಂದು ಕೆಜಿಯವೆರಡು ತೆಗೆದುಕೊಂಡಳು. ರಾಗಿ ಚೀಲ ಬಿಚ್ಚಿ, ರಾಗಿಯನ್ನು ಮೊರಕ್ಕೆ ಸುರಿದು, ಚೀಲಕ್ಕೆ ಒಂದು ಕೆಜಿಯದೊಂದು ಬಟ್ಟು ತುಂಬಿ ಎಡಗಡೆ ಇಟ್ಟುಕೊಂಡಳು. ಉಳಿದವನ್ನು ಪಂಚೆಯ ತುಂಡಿನಲ್ಲಿ ಕಟ್ಟಿ ಲಂಗದ ದಾರಕ್ಕೆ ಬಿಗಿದು ಮಡಿಲಲ್ಲಿ ಇಳಿಬಿಟ್ಟಳು. ಗಾಯದ ಗುರುತಿಗೆ ಕಬ್ಬಿಣ ತಗಲಿದರೂ ಏನೂ ಅನ್ನಿಸಲಿಲ್ಲ. ಆಮೇಲೆ ನಿಧಾನವಾಗಿ, ಪಕ್ಕೆಲುಬಿನ ಒಳಗಿನಿಂದ, ಕಬ್ಬಿಣದ ತಣ್ಪು ಹಬ್ಬಿತು. ದೇವರಿಗೆ ಮೋಸವಲ್ಲವೇ ಇದು? ಅಲ್ಲ, ಟ್ರಯಲ್ಲಿಗೆ. ಶುಕ್ರವಾರದ ಮಾತು ಶುಕ್ರವಾರ. ಇಷ್ಟು ದಿನ ಇಲ್ಲಿಗೊಂದು ಮೈ, ಅಲ್ಲಿಗೊಂದು ಮೈ ಎಂದು ಸಾಗಿಸಿದವಳು ಇನ್ನೆರಡು ದಿನ ಸಾಗಿಸಲಾರಳೇ?

ಹೊರಗೆ ಬೈರಮ್ಮ ತಕ್ಕಡಿಯ ತಟ್ಟೆಯನ್ನು ಬೋರಲು ಮಾಡಿ ಅಂಗೈಯಲ್ಲಿ ಸವರುತ್ತಿದ್ದಳು. ದ್ರಾಕ್ಷಿ ಕೊಳ್ಳಲು ಬರುವ ವ್ಯಾಪಾರಿಗಳು ತಟ್ಟೆಯ ಅಡಿಗೆ ಹುಣಿಸೆಹಣ್ಣು ಮೆತ್ತಿ ತೂಕ ಹೊಡೆಯುತ್ತಿದ್ದ ಕಾಲದ ಅಭ್ಯಾಸ. "ನಿಮ್ಮ ಮಾವ ಇದನ್ನ ನೋಡ್ದೆ ಒಂದು ಗೊಂಚಲೂ ತೂಗ್ತಿರ್ಲಿಲ್ಲ," ಎಂದು ಅಡಿ ನೋಡಿ, ಸಮಾಧಾನವಾಗಿ, ತಟ್ಟೆ ನೆಟ್ಟಗೆ ಮಾಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ ಅವಳ ಸೆರಗು ಸರಿಮಾಡಲು ಕೈ ನೀಡಿದಳು. ಆಂಜನಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಬಿಡಿ ಅತ್ತೆ, ನಾನೇ ಮಾಡ್ಕೋತೀನಿ." ಬೈರಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ಯಾಕೆ ಹಂಗೆ ನಡೀತಿದ್ದೀಯೆ, ಬಸುರಿ ಥರ?" ಶ್ವೇತ ಕಿಸಕ್ಕೆಂದಳು. "ಟ್ರಯಲ್ ಅಂತ ಅತ್ತೆಗೆ ಟೆನ್ಷನ್ ಅಜ್ಜಿ."

ಕೂತಳು. ತಟ್ಟೆ ನೆಲಕ್ಕೆ ಒತ್ತಿತು. ಎದುರು ಬೆಲ್ಲದ ಉಂಡೆಗಳು ಒಂದೊಂದೇ ಏರತೊಡಗಿದವು. ಪ್ರತಿ ಉಂಡೆಗೂ ಸರಪಳಿ ಸಣ್ಣಗೆ ನರಳುತ್ತಿತ್ತು. ಕೊನೆಯದನ್ನು ಶ್ರೀನಿವಾಸ್ ಇಟ್ಟಾಗ ಅವಳ ತಟ್ಟೆ ನೆಲ ಬಿಟ್ಟು, ಅಲುಗಾಡಿ, ಎದುರಿನದರ ಮಟ್ಟಕ್ಕೆ ಬಂದು ನಿಂತಿತು. "ಸಮ ಬಂತು! ಸಮ!" ಎಂದು ಅವನು ಮಗುವಿನ ಹಾಗೆ ಕೂಗಿದ. ಮೇಲಿನ ಮಹಡಿಯಿಂದ ಪಿಜಿ ಹುಡುಗನೊಬ್ಬ ಬಗ್ಗಿ "ಸೂಪರ್ ಆಂಟಿ!" ಎಂದ. ಬೈರಮ್ಮ ಕೈ ಮುಗಿದು ನಿಂತಿದ್ದಳು. "ಒಂದು ಗುಲಗಂಜಿ ಕಮ್ಮಿ ಮಾಡ್ಲಿಲ್ಲ ತಾಯಿ. ಕೊಟ್ಟಷ್ಟೂ ಉಳಿಸಿದೆ," ಎಂದಳು. ಆಂಜನಮ್ಮ ಆ ಮಾತನ್ನು ಕೇಳುತ್ತ, ಮಡಿಲಿನ ಕಬ್ಬಿಣವನ್ನು ಕೈಯಲ್ಲಿ ಮುಚ್ಚಿಕೊಂಡು, ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿದ್ದಳು. ಅಷ್ಟರಲ್ಲಿ ಫೋನು. "ಅತ್ತೆ, ಆಸ್ಪತ್ರೆ ಪ್ರಿಯಾ," ಎಂದು ಶ್ವೇತ ಕೈಗಿತ್ತಳು.

"ಅಮ್ಮಾ, ಕೂತೀರೇನ್ರಿ?" ಎಂದಿತು ದನಿ. ಕೂತಿದ್ದಳು. "ರಿಪೋರ್ಟ್ ಬಂತ್ರಿ. ತೂಕ ಇಳಿದಂಗ ಇದೂ ಇಳೀಬೇಕಿತ್ತು. ಇದು ಏರೇತಿ, ಭಾಳ ಏರೇತಿ. ಗಾಬರಿ ಆಗ್ಬ್ಯಾಡ್ರಿ, ಹಲ್ಲುನೋವು, ಜ್ವರ ಇದ್ರೂ ಏರತೈತಿ. ಡಾಕ್ಟ್ರು ಒಂದೇ ಮಾತು ಕೇಳು ಅಂದ್ರು. ನೀವು ನಡದು, ಊಟ ಕಮ್ಮಿ ಮಾಡಿ ಇಳಿಸಿದ್ರೆ, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ರಕ್ತ ನೋಡೋಣ ಅಂತಾರ. ತಾನಾಗೇ ಇಳಿದಿದ್ರೆ ನಾಳೆನೇ ಸ್ಕ್ಯಾನ್ ಮಾಡ್ಬೇಕು." ಆಮೇಲೆ ರಾಯಚೂರು ಬಿಟ್ಟು ಮೆಲ್ಲಗೆ, "ನೀವು ನಿಜವಾಗ್ಲೂ ನಡೆದ್ರಾ ಅಮ್ಮ?"

ಎದುರಿನ ತಟ್ಟೆಯಲ್ಲಿ ಬೆಲ್ಲ ಹೊಳೆಯುತ್ತಿತ್ತು. ಹೂಂ ಎಂದರೆ ಸಾಕು. ಶುಕ್ರವಾರ ಗುಡಿ, ಬಂದವರಿಗೆಲ್ಲ ಬೆಲ್ಲ ಹಂಚಿಕೆ, ಅತ್ತೆಯ ಈ ಮುಖ. ಇನ್ನೊಂದು ಸುಳ್ಳು, ಅದೂ ಹೊಸದಲ್ಲ. ಆಮೇಲಿನ ದಿನಗಳಲ್ಲಿ ಒಳಗಿನ ಆ ಬಾಡಿಗೆಯವನು ಒಂದೊಂದೇ ಕೋಣೆ ಹಿಡಿಯುತ್ತ ಬರುತ್ತಾನೆ. ಹುಡುಗಿ ಆ ತುದಿಯಲ್ಲಿ ಕಾಯುತ್ತಿತ್ತು, ಆವತ್ತು ಸರಪಳಿ ಹಿಡಿದು ಕಾದ ಹಾಗೆಯೇ. ನೆನಪಿದೆ, ಅದಕ್ಕೆ ನೆನಪಿದೆ ಎಂದು ಆಂಜನಮ್ಮನಿಗೆ ಯಾವ ಆಧಾರವೂ ಇಲ್ಲದೆ ಖಾತ್ರಿಯಾಯಿತು. ನೆನಪಿದ್ದೂ ಕೇಳುತ್ತಿದೆ.

"ಇಲ್ಲ ಕಣಮ್ಮ," ಎಂದಳು. ದನಿ ಪಾರ್ಕಿಂಗಿನ ಗೋಡೆಗಳಿಗೆ ತಾಗಿ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಒಂದು ದಿನಾನೂ ನಡೀಲಿಲ್ಲ. ಎಲ್ಲಾ ತಿಂದೆ. ತಾನಾಗೇ ಹೋಗ್ತಿದೆ. ಬೆನ್ನೂ ನೋಯ್ತಿದೆ." ಆ ತುದಿಯಲ್ಲಿ ಹುಡುಗಿ "ನಾಳೆ ಬೆಳಿಗ್ಗೆ ಬನ್ನಿ, ನಾನು ಗೇಟಲ್ಲೇ ಇರ್ತೀನಿ" ಎಂದದ್ದು ಕೇಳಿಸಿತು. ಫೋನನ್ನು ಶ್ವೇತಳಿಗೆ ಕೊಟ್ಟಳು. ಮಡಿಲಿಗೆ ಕೈ ಹಾಕಿ, ಗಂಟು ಬಿಚ್ಚಿ, ಐದು ಕೆಜಿಯ ಬಟ್ಟನ್ನು ತಟ್ಟೆಯಿಂದಾಚೆ ನೆಲಕ್ಕೆ ಬಿಟ್ಟಳು. ಸಿಮೆಂಟಿನ ಮೇಲೆ ಅದು ಬಿದ್ದ ಸದ್ದಿಗೆ ನೊಣಗಳು ಎದ್ದವು. ಆಮೇಲೆ ಒಂದು ಕೆಜಿಯದು. ಆಮೇಲೆ, ಗಂಡ, ಸೊಸೆ, ಮಹಡಿಯ ಹುಡುಗ ಎಲ್ಲರ ಎದುರು ರವಿಕೆಯೊಳಗೆ ಕೈ ಹಾಕಿ, ಎಡಗಡೆಯ ಚೀಲವನ್ನೂ ತೆಗೆದು ಹಾಕಿದಳು.

ಅವಳ ತಟ್ಟೆ ಏರತೊಡಗಿತು. ಬೆಲ್ಲ ನಿಧಾನವಾಗಿ, ಮರ್ಯಾದೆಯಿಂದ, ಕೆಳಗೆ ಹೋಗುತ್ತಿತ್ತು. ಶ್ರೀನಿವಾಸನ ಕೈ ಅಭ್ಯಾಸಬಲದಿಂದ ಒಂದು ಉಂಡೆ ತೆಗೆಯಲು ಬೆಲ್ಲದ ಕಡೆ ಹೋಗಿ, ಅರ್ಧದಲ್ಲೇ ನಿಂತಿತು. ಏರುತ್ತಿದ್ದ ಆಂಜನಮ್ಮ ಎರಡು ಕೈಯಲ್ಲೂ ಸರಪಳಿ ಹಿಡಿದುಕೊಂಡಳು. ಬೈರಮ್ಮ ನೆಲದ ಮೇಲೆ ಬಿದ್ದ ಬಟ್ಟುಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. ಬೈಯಲಿಲ್ಲ. ಬಂದು, ತಟ್ಟೆಯ ಅಂಚನ್ನು ತನ್ನ ಎರಡು ಕೈಯಲ್ಲೂ ಹಿಡಿದು, ಇದ್ದಬದ್ದ ಭಾರವನ್ನೆಲ್ಲ ಹೇರಿ ಕೆಳಗೆ ಎಳೆದು, ಸಮಕ್ಕೆ ತಂದು ನಿಲ್ಲಿಸಿದಳು. ಮುದುಕಿಯ ತೋಳು ನಡುಗುತ್ತಿತ್ತು, ತಕ್ಕಡಿಯೂ.

"ಕೈ ಬಿಡ್ಬೇಡಿ ಅತ್ತೆ," ಎಂದಳು ಆಂಜನಮ್ಮ.

"ಮಾತಾಡ್ಬೇಡ ಸುಮ್ನಿರೇ," ಎಂದಳು ಬೈರಮ್ಮ, ಹಲ್ಲು ಕಚ್ಚಿ. "ಹಿಡಿದಿದೀನಿ."